ಧ್ವನಿ ಉಪಕರಣ: ಸದಾ ಚಾಲನೆಯಲ್ಲಿರಬೇಕೆ?

ಹಾಡು ಮುಗಿದ ಮೇಲೆ ಆಂಪ್ಲಿಫೈಯರನ್ನು ಆರಿಸಬೇಕೆ, ಅಥವಾ ಹಗಲಿರುಳೂ ಚಾಲನೆಯಲ್ಲಿಡಬೇಕೆ? ಈ ಬಗ್ಗೆ ಸಂಗೀತಪ್ರಿಯರಲ್ಲಿ ಎರಡು ಅಭಿಪ್ರಾಯಗಳಿವೆ. ಕೇರಳದ ಫೋರ್ಟ್ ಕೊಚ್ಚಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಗಜಲ್ ಹಾಗೂ ಹಳೆಯ ಹಿಂದಿ ಚಿತ್ರಗೀತೆಗಳನ್ನು ಅಕ್ಕರೆಯಿಂದ ಕೇಳುವ ಈ ಪ್ರದೇಶದ ಒಂದು ಬದಿಯಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಬದಿಯಲ್ಲಿ ಹಿನ್ನೀರು ಇವೆ. ಗಾಳಿಯಲ್ಲಿ ಉಪ್ಪಿನ ಅಂಶವಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವವೂ ಅಧಿಕ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಗುಡುಗು-ಸಿಡಿಲುಗಳ ಹಾವಳಿಯುಂಟು. ಕಾಸರಗೋಡು, ಮಂಗಳೂರು, ಕಾರವಾರಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಸದಾ ಚಾಲನೆಯಲ್ಲಿಡಬೇಕೆನ್ನುವವರು ಮೂರು ಕಾರಣಗಳನ್ನು ನೀಡುತ್ತಾರೆ. ಉಪಕರಣ ಬೆಚ್ಚಗಾದ ಬಳಿಕವೇ ಧ್ವನಿ ಚೆನ್ನಾಗಿರುತ್ತದೆ ಎಂಬುದು ಮೊದಲನೆಯದು. ಆದರೆ ಇದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಪ್ರತಿ ಬಾರಿ ಸ್ವಿಚ್ ಹಾಕಿದಾಗ ನುಗ್ಗುವ ವಿದ್ಯುತ್ತಿನಿಂದ ಹಾನಿಯಾಗುತ್ತದೆ ಎಂಬುದು ಎರಡನೆಯದು. ಉತ್ತಮ ಉಪಕರಣಗಳನ್ನು ಈ ಆಘಾತ ತಡೆಯುವಂತೆಯೇ ನಿರ್ಮಿಸಿರುತ್ತಾರೆ. ದಿನಕ್ಕೆ ಒಂದೆರಡು ಬಾರಿ ಸ್ವಿಚ್ ಹಾಕುವುದರಿಂದ ತೊಂದರೆಯಿಲ್ಲ. ಒಳಗಿನ ಶಾಖವು ತೇವವನ್ನು ದೂರವಿಡುತ್ತದೆ ಎಂಬುದು ಮೂರನೆಯದು. ಕರಾವಳಿಯ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕಾಗಿ ವರ್ಷವಿಡೀ ವಿದ್ಯುತ್ ಹರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಎರಡು-ಮೂರು ದಿನಗಳಿಗೊಮ್ಮೆ ಒಂದೆರಡು ಗಂಟೆ ಹಾಡು ಕೇಳಿದರೆ ಒಳಭಾಗ ಒಣಗುತ್ತದೆ.

ಸದಾ ಚಾಲನೆಯಲ್ಲಿಡುವುದರಿಂದಾಗುವ ನಷ್ಟ ಇದಕ್ಕಿಂತ ದೊಡ್ಡದು. ಶಾಖವೇ ಉಪಕರಣದ ಮುಖ್ಯ ಶತ್ರು. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯುಷ್ಯವು ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಳೆಯ ವಾಲ್ವ್ ಆಂಪ್ಲಿಫೈಯರುಗಳ ವಾಲ್ವುಗಳು ಕೆಲವು ಸಾವಿರ ಗಂಟೆಗಳು ಬಾಳುವಂಥವು. ವರ್ಷದಲ್ಲಿರುವುದು 8,760 ಗಂಟೆಗಳು. ಅವನ್ನು ಸದಾ ಉರಿಸುವುದು ಅವಿವೇಕ.

ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. ಹಾಡಿಲ್ಲದಾಗಲೂ 40 ವ್ಯಾಟ್ ಬಳಸುವ ಆಂಪ್ಲಿಫೈಯರ್ ಹಗಲಿರುಳು ಚಾಲನೆಯಲ್ಲಿದ್ದರೆ ವರ್ಷಕ್ಕೆ ಸುಮಾರು 350 ಯೂನಿಟ್ ವ್ಯಯವಾಗುತ್ತದೆ. ದಿನಕ್ಕೆ ಮೂರು ಗಂಟೆ ಮಾತ್ರ ಇದ್ದರೆ 44 ಯೂನಿಟ್. ರಿಮೋಟಿನಿಂದ ಆರಿಸಿದರೂ ಉಪಕರಣ ಅಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಈ ಬಳಕೆಯನ್ನು 1 ವ್ಯಾಟಿಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 1999ರಲ್ಲಿ ಸೂಚಿಸಿತ್ತು. ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯನ್ವಯ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಕೇರಳ ಸರ್ಕಾರದ ಇಂಧನ ನಿರ್ವಹಣಾ ಕೇಂದ್ರವು 1996ರಿಂದ ತಿರುವನಂತಪುರದಲ್ಲಿ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ.

ಎಲ್ಲಕ್ಕಿಂತ ಗಂಭೀರವಾದುದು ಸಿಡಿಲಿನ ಅಪಾಯ. ಗೋಡೆಯ ಸ್ವಿಚ್ ಸಾಮಾನ್ಯವಾಗಿ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ಉಳಿದ ತಂತಿಗಳು ಉಪಕರಣಕ್ಕೆ ಸೇರಿಕೊಂಡೇ ಇರುತ್ತವೆ. ಸಮೀಪದಲ್ಲಿ ಸಿಡಿಲು ಬಡಿದಾಗ ಅಧಿಕ ವೋಲ್ಟೇಜ್ ಅವುಗಳ ಮೂಲಕ, ಆಂಟೆನಾ ಅಥವಾ ಕೇಬಲ್ ತಂತಿಯ ಮೂಲಕ ಒಳನುಗ್ಗಬಹುದು. ಉಪಕರಣವಷ್ಟೇ ಅಲ್ಲ, ಅದನ್ನು ಮುಟ್ಟಿದವರ ಪ್ರಾಣವೂ ಅಪಾಯಕ್ಕೊಳಗಾಗಬಹುದು. ಆದುದರಿಂದ ಗುಡುಗು ಕೇಳುವುದಕ್ಕೆ ಮೊದಲೇ, ಮೋಡ ಕವಿದಾಗಲೇ, ಪ್ಲಗ್ಗನ್ನೂ ಆಂಟೆನಾ ತಂತಿಯನ್ನೂ ಕಳಚಬೇಕು. ಮಿಂಚು ಹೊಡೆಯುತ್ತಿರುವಾಗ ಅವುಗಳನ್ನು ಮುಟ್ಟಬಾರದು.

ಪಾಲಿಸಬೇಕಾದ ಕ್ರಮಗಳು:

1. ಹಾಡು ಮುಗಿದ ಬಳಿಕ ಧ್ವನಿಯ ಪ್ರಮಾಣವನ್ನು ಇಳಿಸಿ, ಉಪಕರಣವನ್ನೂ ಅನಂತರ ಗೋಡೆಯ ಸ್ವಿಚ್ಚನ್ನೂ ಆರಿಸಬೇಕು.
2. ಸಿಡಿಲಿನ ಕಾಲದಲ್ಲಿ ಹಾಗೂ ಊರಿಗೆ ಹೋಗುವಾಗ ಪ್ಲಗ್ಗನ್ನು ಕಳಚಿಡಬೇಕು.
3. ಉಪಕರಣವನ್ನು ಒದ್ದೆ ಗೋಡೆಗೆ ತಾಗಿಸಿ ಇಡಬಾರದು. ಗಾಳಿಯಾಡಲು ಸುತ್ತಲೂ ಸ್ಥಳವಿರಬೇಕು.
4. ಚಾಲನೆಯಲ್ಲಿರುವಾಗ ಅದರ ಮೇಲೆ ಬಟ್ಟೆ ಹೊದಿಸಬಾರದು.
5. ಸುಟ್ಟ ವಾಸನೆ ಬಂದರೆ ಅಥವಾ ಮುಟ್ಟಿದಾಗ ಜುಮ್ಮೆನ್ನುವ ಆಘಾತವಾದರೆ ಬಳಕೆ ನಿಲ್ಲಿಸಿ, ತಿಳಿದ ಕುಶಲಕರ್ಮಿಯಿಂದ ಪರೀಕ್ಷೆ ಮಾಡಿಸಬೇಕು.

ಕೇಳುವ ಹೊತ್ತಿಗೆ ಹಾಕಿ, ಕೇಳಿ ಮುಗಿದೊಡನೆ ಆರಿಸುವ ಅಭ್ಯಾಸದಿಂದ ಉಪಕರಣ ಬಾಳುತ್ತದೆ, ವಿದ್ಯುತ್ ಉಳಿಯುತ್ತದೆ, ಮನೆಯವರಿಗೂ ಕ್ಷೇಮ.