ಕಂಪ್ಯೂಟರ್ ಆರಿಸದೆ ಹಾರ್ಡ್‌ಡಿಸ್ಕ್ ಬದಲಿಸುವುದು ಹೇಗೆ?

ಗುಂಡ್ಲುಪೇಟೆಯಿಂದ ಮೂಲೆಹೊಳೆ ದಾಟಿ ವಯನಾಡಿಗೆ ಹೋದರೆ ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ಕಾಡಿನ ಈಚೆಗೆ ಅದರ ಬಳಕೆ ಕಡಿಮೆ. ಆದರೆ ಮದುವೆ ವಿಡಿಯೊಗಳನ್ನು ತುಂಬಿಡಲು ಹಳೆಯ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿಕೊಳ್ಳುವ ಚಾಮರಾಜನಗರದ ಸ್ಟುಡಿಯೊದವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಲಗ್ನದ ಸೀಜನ್‌ನಲ್ಲಿ ಡಿಸ್ಕ್ ಬೇಗ ತುಂಬುತ್ತದೆ. ಕಾಪಿ ನಡೆಯುತ್ತಿರುವಾಗ ಯಂತ್ರ ಆರಿಸುವಂತೆಯೂ ಇಲ್ಲ.

ಸಾಟಾ ಡಿಸ್ಕ್ ಆದರೆ ಆರಿಸಬೇಕಾಗಿಲ್ಲ. ಅದರ ಕನೆಕ್ಟರ್‌ನ ಹೊಂಬಣ್ಣದ ಪಟ್ಟಿಗಳನ್ನು ಗಮನಿಸಿ: ಕೆಲವು ಉದ್ದ, ಕೆಲವು ಗಿಡ್ಡ. ಉದ್ದದ್ದು ಗ್ರೌಂಡ್, ಅದು ಮೊದಲು ತಾಗಲೆಂದೇ ಹಾಗೆ ಮಾಡಿದ್ದಾರೆ. ಬಯೋಸ್‌ನಲ್ಲಿ ಎಎಚ್‌ಸಿಐ ಮೋಡ್ ಇರಬೇಕು, ಆ ಪೋರ್ಟ್‌ಗೆ ಹಾಟ್‌ಪ್ಲಗ್ ಆಯ್ಕೆ ಕಂಡರೆ ಆನ್ ಮಾಡಿ. ಲಿನಕ್ಸ್ ಕೂತಿರುವ ಡಿಸ್ಕನ್ನಂತೂ ಮುಟ್ಟಲೇಬೇಡಿ.

ಇಲ್ಲಿ ಕನ್ನಡದಲ್ಲಿರುವ ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಮೊದಲು ‘ಸುಡೊ -ಐ’. ಮುಂದಿನ ಸಾಲುಗಳ ಹಿಂದೆ ಬರೀ ಸುಡೊ ಸೇರಿಸಿದರೆ ‘>’ ಗುರುತಿನ ಆಚೆಗೆ ಆ ಅಧಿಕಾರ ದಾಟುವುದಿಲ್ಲ, ಪರ್ಮಿಷನ್ ಇಲ್ಲವೆಂಬ ಉತ್ತರ ಬರುತ್ತದೆ.

‘ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಸೀರಿಯಲ್’ ಕೊಟ್ಟು ಹಳೆಯ ಡಿಸ್ಕಿನ ಸೀರಿಯಲ್ ನಂಬರನ್ನು ಅದರ ಮೇಲಿನ ಲೇಬಲ್ ಜೊತೆ ತಾಳೆ ನೋಡಿ. ಕೆಲಸ ಕೆಡುವುದು ಹೊಸದನ್ನು ಹಾಕುವಾಗ ಅಲ್ಲ, ಹಳೆಯದನ್ನು ಕೀಳುವಾಗ. ಅದರ ಪಾರ್ಟಿಷನ್‌ಗಳನ್ನೆಲ್ಲ ಅನ್‌ಮೌಂಟ್ ಮಾಡಿ. ಡಿಸ್ಕಿನ ಹೆಸರು ಎಸ್‌ಡಿಬಿ ಎಂದಿದ್ದರೆ,

ಎಕೊ 1 > /ಸಿಸ್/ಬ್ಲಾಕ್/ಎಸ್‌ಡಿಬಿ/ಡಿವೈಸ್/ಡಿಲೀಟ್

ಎಂದು ಕೊಡಿ. ಹೆಸರು ಕಂಡು ಗಾಬರಿ ಬೇಡ: ಇದು ಫೈಲ್ ಅಳಿಸುವುದಿಲ್ಲ, ಕರ್ನೆಲ್‌ನ ಪಟ್ಟಿಯಿಂದ ಡಿಸ್ಕನ್ನು ಬಿಡಿಸುತ್ತದೆ ಅಷ್ಟೆ. ಡಿಸ್ಕಿನ ಮೇಲೆ ಅಂಗೈ ಇಡಿ. ಒಳಗಿನ ತಿರುಗಾಟದ ಕಂಪನ ಪೂರ್ತಿ ನಿಂತ ಮೇಲೆ ಹೊರತೆಗೆಯಿರಿ.

ಇನ್ನು ‘ಡಿಎಂಇಎಸ್‌ಜಿ -ಡಬ್ಲ್ಯು’ ಓಡಿಸಿ ಹೊಸ ಡಿಸ್ಕ್ ಸಿಕ್ಕಿಸಿ. ಕೆಲವು ಸೆಕೆಂಡುಗಳಲ್ಲಿ ‘ಸಾಟಾ ಲಿಂಕ್ ಅಪ್’ ಎಂಬ ಸಾಲು ಬಂದರೆ ಸಿಕ್ಕಿತು ಎಂದೇ ಅರ್ಥ. ಬರದಿದ್ದರೆ,

ಎಕೊ "- - -" > /ಸಿಸ್/ಕ್ಲಾಸ್/ಎಸ್‌ಸಿಎಸ್‌ಐ_ಹೋಸ್ಟ್/ಹೋಸ್ಟ್1/ಸ್ಕ್ಯಾನ್

ಮೂರು ಗೀಟುಗಳು ಚಾನೆಲ್, ಟಾರ್ಗೆಟ್, ಲನ್‌ಗಳ ಜಾಗದಲ್ಲಿ ನಿಂತಿವೆ: ಯಾವುದಿದ್ದರೂ ಸರಿ, ಹುಡುಕು ಎಂದು. ನಡುವೆ ಜಾಗ ಬಿಡಲು ಮರೆಯಬೇಡಿ. ನಿಮ್ಮ ಪೋರ್ಟ್‌ನ ಸಂಖ್ಯೆ ಗೊತ್ತಿಲ್ಲದಿದ್ದರೆ ಹೋಸ್ಟ್0ಯಿಂದ ಒಂದೊಂದಾಗಿ ನೋಡಿ. ಆಗಲೂ ಕಾಣದಿದ್ದರೆ ಕೇಬಲ್ ಬದಲಿಸಿ.

ಹೊಸದು ಅದೇ ಎಸ್‌ಡಿಬಿ ಹೆಸರಲ್ಲೇ ಬರುತ್ತದೆಂದು ನಂಬಬೇಡಿ. ಹಳೆಯದನ್ನು ಅನ್‌ಮೌಂಟ್ ಮಾಡದೆ ಕಿತ್ತಿದ್ದರೆ ಆ ಹೆಸರು ಇನ್ನೂ ಬಳಕೆಯಲ್ಲೇ ಇರುತ್ತದೆ, ಹೊಸದು ಎಸ್‌ಡಿಸಿ ಆಗುತ್ತದೆ. ಹಾಗಾಗಿ ಫಾರ್ಮ್ಯಾಟ್ ಒತ್ತುವ ಮೊದಲು ಸೀರಿಯಲ್ ನಂಬರನ್ನು ಮತ್ತೊಮ್ಮೆ ಓದಿ.

ಕೊನೆಯದಾಗಿ ಎಫ್‌ಎಸ್‌ಟ್ಯಾಬ್ ಫೈಲ್. ಅದರಲ್ಲಿ ಹಳೆಯ ಡಿಸ್ಕಿನ ಸಾಲು ಹಾಗೇ ಉಳಿದರೆ, ಕರೆಂಟ್ ಹೋಗಿ ಬಂದಾಗ ಯಂತ್ರ ಇಲ್ಲದ ಡಿಸ್ಕಿಗೆ ಕಾದು ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಹೊಸ ಯುಯುಐಡಿ ಬರೆದು, ಆಯ್ಕೆಗಳಲ್ಲಿ ‘ನೋಫೇಲ್’ ಸೇರಿಸಿ.