ಜಿಂಕೆಗೆ ಗುದ್ದದೆ ಊರು ಸೇರುವ ಸೂತ್ರಗಳು

ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೊರಟವರು, ದಾಂಡೇಲಿ–ಜೋಯಿಡಾ ಕಡೆ ಓಡಾಡುವವರು, ಗದಗ–ಕೊಪ್ಪಳದ ಎರೆಹೊಲಗಳ ನಡುವೆ ಬೈಕ್ ಓಡಿಸುವವರು, ಎಲ್ಲರಿಗೂ ಇದೊಂದು ಪರೀಕ್ಷೆ ಇದ್ದೇ ಇದೆ. ಪಾಸಾದರೆ ಯಾರೂ ಹಾರ ಹಾಕುವುದಿಲ್ಲ. ಫೇಲಾದರೆ ಹೋಗುವುದು ಒಂದು ಜಿಂಕೆ, ಒಂದು ಬಂಪರ್. ಬೈಕಾದರೆ ಸವಾರನ ಜೀವವೂ ಹೋದೀತು.

1. ಮೊದಲು ಸ್ಪೀಡೋಮೀಟರ್ ನೋಡಿ, ಆಮೇಲೆ ಕಾಡು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಜಿಂಕೆ ಕಣ್ಣಿಗೆ ಬಿದ್ದು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದಿರುತ್ತದೆ; ಅಲ್ಲಿಗೇ 33 ಮೀಟರ್ ಖರ್ಚು. ಒಣ ಡಾಂಬರಿನ ಮೇಲೂ ಗಾಡಿ ನಿಲ್ಲಲು ಇನ್ನೊಂದು 35 ಮೀಟರ್ ಬೇಕು. ಡಿಮ್ ಲೈಟು ಸಾಮಾನ್ಯವಾಗಿ ಅಷ್ಟು ದೂರ ತೋರಿಸುವುದೇ ಇಲ್ಲ. ಅಂದರೆ ನೀವು ಕಾಣದ ಜಾಗಕ್ಕೆ ನುಗ್ಗುತ್ತಿದ್ದೀರಿ. ಅದೇ 40ರಲ್ಲಿದ್ದರೆ ಎಲ್ಲ ಸೇರಿ 26 ಮೀಟರಿನಷ್ಟರಲ್ಲಿ ನಿಲ್ಲುತ್ತೀರಿ. ಡ್ರೈವಿಂಗಿನಲ್ಲಿ ಎಂಥ ಪಳಗಿದ ಕೈಯಾದರೂ ಈ ಲೆಕ್ಕ ಬದಲಾಗುವುದಿಲ್ಲ. ಕೆಳಗಿನ ಸೂತ್ರಗಳೆಲ್ಲ ಇದಕ್ಕೆ ಬರೀ ಬಾಲಂಗೋಚಿ.

2. ಗೇಟ್ ಹಾಕುವ ಮುಂಚೆ ದಾಟಿಬಿಡೋಣ ಎಂಬ ಆತುರ ಬೇಡ. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಲ್ಲೇ ಬಂತು. ತುರ್ತು ವಾಹನ, ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ನಿಷೇಧದಿಂದ ರಾತ್ರಿಯೇನೋ ಉಳಿಯಿತು. ಆದರೆ ಅದಕ್ಕೆ ಮುಂಚಿನ ಗಳಿಗೆಯ ಧಾವಂತವನ್ನು ಯಾವ ಆದೇಶವೂ ತಡೆಯಲಾರದು. ಕಡವೆಗಳು ಹೊರಬೀಳುವುದೂ ಕತ್ತಲಾಗುತ್ತಿದ್ದ ಹಾಗೆಯೇ. ಮದ್ದೂರು ಚೆಕ್‌ಪೋಸ್ಟ್ ತಲುಪುವಾಗ ಎಂಟೂವರೆ ಆಗುತ್ತದೆ ಅನ್ನಿಸಿದರೆ ಗುಂಡ್ಲುಪೇಟೆಯಲ್ಲೇ ಊಟ ಮಾಡಿ ಮಲಗಿ. ವಯನಾಡು ಬೆಳಿಗ್ಗೆಯೂ ಅಲ್ಲೇ ಇರುತ್ತದೆ.

3. ಒಂದು ದಾಟಿತೆಂದು ಆಕ್ಸಿಲರೇಟರ್ ಒತ್ತಬೇಡಿ. ಚುಕ್ಕಿ ಜಿಂಕೆ ಒಂಟಿಯಾಗಿ ಬರುವುದು ಕಡಿಮೆ. ಮುಂದಿನದು ದಾಟಿದ ಮೇಲೆ ಎರಡು, ಆಮೇಲೆ ನಾಲ್ಕು, ಕೊನೆಗೆ ರಸ್ತೆಯಂಚಿನಲ್ಲಿ ಹೋಗಲೋ ಬೇಡವೋ ಎಂದು ಕಾಲು ಎತ್ತಿ ಇಡುತ್ತಾ ನಿಂತ ಮರಿ. ತಾಯಿ ಆಚೆ ಬದಿಯಲ್ಲಿದ್ದರೆ ಅದು ನೆಗೆದೇ ನೆಗೆಯುತ್ತದೆ. ಪೊದೆಯ ಕಡೆ ಕಣ್ಣಿಟ್ಟು ಪೂರ್ತಿ ನಿಲ್ಲಿ.

4. ಬಾಲ ನೋಡಿ. ಮೊದಲ ಮಳೆ ಬಿದ್ದ ಮೇಲೆ, ಪೊದೆ ಸವರಿದ ರಸ್ತೆಬದಿಯಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಬಯಲಾದ್ದರಿಂದ ಹುಲಿ, ಚಿರತೆ ಬರುವುದೂ ದೂರದಿಂದ ಕಾಣುತ್ತದೆ. ಮೇಯಲು ಜಿಂಕೆಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ? ತಲೆ ತಗ್ಗಿಸಿ ಮೇಯುತ್ತಿದ್ದರೆ ನಿಧಾನವಾಗಿ ಸಾಗಬಹುದು. ಒಂದು ತಲೆಯೆತ್ತಿ, ಮುಂಗಾಲು ನೆಲಕ್ಕೆ ಬಡಿದು, ಬಾಲ ನಿಮಿರಿಸಿ ಅಡಿಯ ಬಿಳುಪು ತೋರಿಸಿತೋ, ಇಡೀ ಹಿಂಡು ಓಡಲಿದೆ ಎಂದು ಲೆಕ್ಕ. ಯಾವ ಕಡೆಗೆ ಎಂಬುದು ಅವಕ್ಕೂ ಗೊತ್ತಿರುವುದಿಲ್ಲ.

5. ಹಂಪ್‌ಗಳಿಗೆ ಬೈಯಬೇಡಿ. ಬೋರ್ಡಿನಲ್ಲಿರುವ ಜಿಂಕೆಯ ಚಿತ್ರ ಕಂಡು ಯಾರೂ ಗೇರ್ ಇಳಿಸುವುದಿಲ್ಲ, ಹಂಪ್ ಕಂಡರೆ ಎಲ್ಲರೂ ಇಳಿಸುತ್ತಾರೆ. ಆದರೆ ಹಂಪ್ ದಾಟಿದೊಡನೆ ಮುಂದಿನದರವರೆಗೆ ರೊಯ್ಯೆಂದು ಓಡಿಸಿದರೆ ಏನು ಬಂತು?

6. ಸ್ಟೀರಿಂಗ್ ತಿರುಗಿಸಬೇಡಿ. ಇದು ಕಠಿಣವಾದ ಮಾತು. ಜಿಂಕೆ ತೀರಾ ಹತ್ತಿರ ಬಂದಾಗ ಬಲವಾಗಿ ಬ್ರೇಕ್ ಒತ್ತಿ, ನೇರಕ್ಕೇ ಹಿಡಿಯಿರಿ. ಎಳೆದು ತಿರುಗಿಸಿದ ಗಾಡಿ ಮರಕ್ಕೋ ಎದುರಿನ ಲಾರಿಗೋ ಹೋಗುತ್ತದೆ, ಇಲ್ಲವೇ ಮಗುಚುತ್ತದೆ. ಬೈಕಿನವರು ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಬೇಕು.

7. ಎದುರಿಗೆ ವಾಹನ ಇಲ್ಲದಿದ್ದರೆ ಹೈಬೀಮ್ ಹಾಕಿ. ಹಸಿರು ಹೊಳಪಿನ ಕಣ್ಣುಗಳು ಬೇಗ ಕಾಣುತ್ತವೆ. ಪ್ರಾಣಿ ಬೆಳಕಿಗೆ ಕಣ್ಣು ಕೋರೈಸಿ ರಸ್ತೆಯಲ್ಲೇ ನಿಂತುಬಿಟ್ಟರೆ ನೀವೂ ನಿಲ್ಲಿಸಿ, ಲೈಟು ಡಿಮ್ ಮಾಡಿ, ಸ್ವಲ್ಪ ಹೊತ್ತು ಬಿಡಿ. ಹಾರ್ನ್ ಒತ್ತೊತ್ತಿ ಗಾಬರಿಪಡಿಸಿದರೆ ಅದು ನಿಮ್ಮ ಬಾನೆಟ್ಟಿನ ಕಡೆಗೇ ನೆಗೆದೀತು.

8. ಚಿಗರಿ ಸೀಮೆಯಲ್ಲಿ ಹಗಲೂ ಹುಷಾರು. ಗದಗ, ಕೊಪ್ಪಳ, ಹಾವೇರಿ ಕಡೆಯ ಕೃಷ್ಣಮೃಗ ಹಗಲಲ್ಲೇ ಮೇಯುವ ಪ್ರಾಣಿ. ಅಲ್ಲಿ ಕಾಡಿಲ್ಲ, ಬೋರ್ಡಿಲ್ಲ, ಗೇಟೂ ಇಲ್ಲ. ಕಡಲೆ, ಹೆಸರು, ಜೋಳದ ಹೊಲಗಳ ನಡುವೆ ನೇರ ರಸ್ತೆ. ಹೊಲದಲ್ಲಿ ಯಾರೋ ಕೂಗಿ ಓಡಿಸುವುದು ಕೇಳಿದರೆ, ನಾಯಿ ಅಟ್ಟುವುದು ಕಂಡರೆ, ಹಿಂಡು ರಸ್ತೆಗೇ ಬರುತ್ತಿದೆ ಎಂದೇ ತಿಳಿಯಿರಿ. ಅಟ್ಟಿಸಿಕೊಂಡು ಬರುವ ಚಿಗರಿಗೆ ಗಾಡಿ ಲೆಕ್ಕಕ್ಕೇ ಇಲ್ಲ.

9. ಬಂಪರಿಗೆ ಅಂಟಿಸುವ ಸೀಟಿಗೆ ದುಡ್ಡು ಹಾಕಬೇಡಿ. ಗಾಳಿಗೆ ಸಿಳ್ಳೆ ಹೊಡೆದು ಜಿಂಕೆ ಓಡಿಸುತ್ತದೆ ಎಂದು ಮಾರುವ ಈ ವಸ್ತುವಿನಿಂದ ಪ್ರಯೋಜನವಿದೆ ಎಂದು ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ಆ ದುಡ್ಡಿಗೆ ವೈಪರ್ ಬದಲಿಸಿ.

10. ಕಿಟಕಿಯಿಂದ ಚಿಪ್ಸ್ ಎಸೆಯಬೇಡಿ. ಉಪ್ಪಿನ ರುಚಿ ಹತ್ತಿದ ಪ್ರಾಣಿ ಮಾರನೇ ದಿನ ಇನ್ನೊಬ್ಬರ ಗಾಲಿಯ ಮುಂದೆ ನಿಲ್ಲುತ್ತದೆ.

11. ಗುದ್ದಿಯೇಬಿಟ್ಟರೆ ಓಡಿಹೋಗಬೇಡಿ. ಗಾಡಿ ಪಕ್ಕಕ್ಕೆ ಹಾಕಿ ನಾಲ್ಕೂ ಇಂಡಿಕೇಟರ್ ಹಚ್ಚಿ. ಬಿದ್ದ ಜಿಂಕೆಯ ಹತ್ತಿರ ಹೋಗಬೇಡಿ. ನೋವಿನಲ್ಲಿ ಒದ್ದರೆ, ಕೊಂಬು ತಗುಲಿದರೆ ಗಾಯ ನಿಮಗೆ. ನೀರು ಕುಡಿಸುವ ಉಪಚಾರವೂ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಇಲ್ಲವೇ ಹತ್ತಿರದ ಚೆಕ್‌ಪೋಸ್ಟಿಗೆ ತಿಳಿಸಿ. ಮನುಷ್ಯರಿಗೆ ಪೆಟ್ಟಾಗಿದ್ದರೆ ಮೊದಲು 108. ಸತ್ತ ಜಿಂಕೆಯನ್ನು ಡಿಕ್ಕಿಗೆ ಹಾಕಿಕೊಳ್ಳಲು ಹೇಳುವ ಗೆಳೆಯರೂ ಇರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಕಳೇಬರ ಸರ್ಕಾರದ ಸ್ವತ್ತು. ಅಪಘಾತ ಅಲ್ಲಿಗೆ ಕೇಸಾಗುತ್ತದೆ. ಗಾಡಿಯ ಫೋಟೊ ತೆಗೆದಿಟ್ಟುಕೊಳ್ಳಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ರಿಪೇರಿ ಖರ್ಚು ನಿಮ್ಮ ಜೇಬಿನದ್ದೇ.