ಸಡಿಲಿಸಿದ ತಂತಿಯ ಗಿಟಾರ್

ಹವಾಯಿ ಗಿಟಾರ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ವಾದ್ಯವನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುವ ಪದ್ಧತಿ. ಆ ದ್ವೀಪಗಳಲ್ಲಿ ಅದಕ್ಕೂ ಹಳೆಯದಾದ ಇನ್ನೊಂದು ಪದ್ಧತಿಯುಂಟು. 1830ರ ಸುಮಾರಿಗೆ ಮೆಕ್ಸಿಕೋದಿಂದ ಬಂದ ಗೋವಳರು ಗಿಟಾರ್ ತಂದರು. ಹವಾಯಿಯವರು ಅದರ ಕೆಲವು ತಂತಿಗಳನ್ನು ಸಡಿಲಿಸಿ ತಮ್ಮ ಹಾಡಿಗೆ ಒಗ್ಗಿಸಿಕೊಂಡರು. ಇದೇ ಕೀ ಹೋಆಲು. ಬಹುಕಾಲ ಮನೆತನಗಳ ಗುಟ್ಟಾಗಿದ್ದ ಈ ವಿದ್ಯೆ ಗ್ಯಾಬಿ ಪಹಿನುಯಿ ಅವರ 1940ರ ದಶಕದ ಧ್ವನಿಮುದ್ರಿಕೆಗಳಿಂದ ಹೊರಗಿನವರ ಕಿವಿಗೂ ಬಿದ್ದಿತು.

ನಡುವಯಸ್ಸು ದಾಟಿ ಗಿಟಾರ್ ಹಿಡಿದವರು ಎಡಗೈ ಬೆರಳುಗಳ ನೋವಿಗೆ ಬೇಸತ್ತು ಬಿಟ್ಟುಬಿಡುವುದುಂಟು. ಇಲ್ಲಿ ಆ ಕಷ್ಟ ಕಡಿಮೆ. ಸಾಮಾನ್ಯ ಶ್ರುತಿಯಲ್ಲಿರುವ ಗಿಟಾರಿನ ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ಎರಡೆರಡು ಮೆಟ್ಟಿನಷ್ಟು ಇಳಿಸಿರಿ. ಐದನೆಯದನ್ನು ಷಡ್ಜವೆಂದಿಟ್ಟುಕೊಂಡರೆ ದಪ್ಪ ತಂತಿಯಿಂದ ಸಣ್ಣದರವರೆಗೆ ಪ ಸ ಪ ಸ ಗ ಪ ಎಂದಾಗುತ್ತದೆ. ಎಡಗೈ ಮುಟ್ಟದೆಯೇ ಸ್ವರಗಳು ಕೂಡಿ ನುಡಿಯುತ್ತವೆ. ತಂಬೂರಿಯ ಪ ಸ ಸ ಸ ಕೇಳಿ ಬೆಳೆದ ಹಳಿಯಾಳದ ಹಿರಿಯರಿಗೆ ಇದು ಪರದೇಶಿಯೆನಿಸಲಾರದು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದು ಒರಟಾದ ಬೆರಳಿಗೂ ನಿಲುಕೀತು.

ನಿಜವಾದ ತೊಡಕು ಬಲಗೈ ಹೆಬ್ಬೆರಳಿನದು. ಅದು ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ತಬಲೆಯ ಠೇಕೆಯಂತೆ ಒಂದೇ ನಡೆಯಲ್ಲಿ ಮೀಟುತ್ತಿರಬೇಕು. ಉಳಿದ ಬೆರಳುಗಳು ಹಾಡಬೇಕು. ಆದ್ದರಿಂದ ಮೊದಲ ಕೆಲವು ವಾರ ಹೆಬ್ಬೆರಳೊಂದನ್ನೇ ಸಾಧಿಸುವುದು ಲೇಸು. ಬೇಸರದ ಕೆಲಸವೇ ಸರಿ! ಆಮೇಲೆ ಬಾಯಿಗೆ ಬರುವ ಭಜನೆಯ ಧಾಟಿಯನ್ನೇ ಸಣ್ಣ ತಂತಿಗಳಲ್ಲಿ ಹುಡುಕಬಹುದು.

ಕೊಳ್ಳುವಾಗ ಮಾತ್ರ ಅಂಗಡಿಯವನು ಕೊಡುವ, ತಂತಿಗಳನ್ನು ಎತ್ತರಿಸಿದ ಜಾರುಗಿಟಾರನ್ನು ತರಬಾರದು. ಸಾಮಾನ್ಯ ಆರು ತಂತಿಯ ಗಿಟಾರೇ ಸಾಕು.